ಬಳೆ ತೊಡಿಸುವ ವಿದ್ಯೆ

ಜಗಲಿಯ ಮೇಲೆ ಕುಳಿತು ಗಾಜಿನ ಬಳೆ ತೊಡಿಸುವ ಬಳೆಗಾರನ ಕೈಚಳಕವನ್ನು ಕಂಡವರಿಗೆ ಒಂದು ಸಂಗತಿ ಸೋಜಿಗವಾಗಿ ತೋರಿರಬೇಕು. ಬಳೆಯ ಬಾಯಿ ಕಿರಿದು, ಅಂಗೈಯ ಅಗಲ ಹಿರಿದು. ಲೆಕ್ಕದ ಪ್ರಕಾರ ಅದು ಒಳಗೆ ಹೋಗಲಾರದು. ಆದರೂ ಹೋಗುತ್ತದೆ. ಹೆಬ್ಬೆರಳಿನ ಬುಡವನ್ನು ಮೆಲ್ಲನೆ ಒತ್ತಿ, ಅಂಗೈಯನ್ನು ಮಡಿಸಿ, ಕ್ಷೇಮಸಮಾಚಾರದ ನಾಲ್ಕು ಮಾತಿನಿಂದ ಗಮನವನ್ನು ಬೇರೆಡೆಗೆ ತಿರುಗಿಸಿ, ಎಲ್ಲಿ ನೂಕಬೇಕೋ ಅಲ್ಲಿ ಮಾತ್ರ ನೂಕಿ ಅವನು ಬಳೆಯನ್ನು ಮಣಿಕಟ್ಟಿಗೆ ದಾಟಿಸಿಬಿಡುತ್ತಾನೆ. ಬಲವೊಂದನ್ನೇ ನಂಬಿದವನ ಕೈಯಲ್ಲಿ ಬಳೆಯೂ ಉಳಿಯುವುದಿಲ್ಲ, ತೊಡುವವರ ಕೈಯೂ ಉಳಿಯುವುದಿಲ್ಲ.

ಇದೇ ವಿದ್ಯೆ ಗಾಜಿನ ಬದಲು ಉಕ್ಕಿನಲ್ಲಿ ಮೋಟಾರು ಗಾಡಿಯ ಹೊಟ್ಟೆಯೊಳಗೂ ಉಂಟು. ಅಲ್ಲಿ ಕೈಯ ಸ್ಥಾನದಲ್ಲಿ ತಿರುಗುವ ಶಾಫ್ಟು, ಬಳೆಯ ಸ್ಥಾನದಲ್ಲಿ ಬೇರಿಂಗು. ಶಾಫ್ಟಿನ ದಪ್ಪಕ್ಕಿಂತ ಬೇರಿಂಗಿನ ಕಣ್ಣು ಒಂದು ಕೂದಲೆಳೆಗಿಂತಲೂ ಕಡಿಮೆ ಅಳತೆಯಲ್ಲಿ ಕಿರಿದಾಗಿರುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಆ ಕಿರಿದಾದುದನ್ನು ಈ ಹಿರಿದಾದುದರ ಮೇಲೆ, ಎರಡಕ್ಕೂ ನೋವಾಗದಂತೆ ಏರಿಸುವವನೇ ನಿಜವಾದ ಮೋಟಾರು ಮೇಸ್ತ್ರಿ. ಗಾಡಿಯಲ್ಲಿ ಕುಳಿತು ಹೋಗುವವರಿಗೆ ಈ ಸೂಕ್ಷ್ಮ ತಿಳಿದಿರಬೇಕಾದ ಅಗತ್ಯವಿಲ್ಲ. ಆದರೆ ಈ ವಿದ್ಯೆ ತಪ್ಪಿದರೆ ಅದರ ಫಲವನ್ನು ಅನುಭವಿಸುವವರು ಅವರೇ. ವೇಣೂರಿನ ಒಂದು ಮನೆಯವರಿಗೆ ಅದು ಅನುಭವದಿಂದಲೇ ತಿಳಿದುಬಂತು.

ವೇಣೂರು ಬೆಳ್ತಂಗಡಿ ತಾಲೂಕಿನ ಒಂದು ಊರು. ಫಲ್ಗುಣಿ ನದಿಯ ದಡದಲ್ಲಿ, ೧೬೦೪ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಬಾಹುಬಲಿಯ ಏಕಶಿಲಾ ಮೂರ್ತಿಯಿಂದ ಅದು ಪ್ರಸಿದ್ಧವಾಗಿದೆ. ಪೂರ್ವಕ್ಕೆ ನೋಡಿದರೆ ಘಟ್ಟದ ನೀಲಿ ಗೋಡೆ. ಪಶ್ಚಿಮಕ್ಕೆ ಮೂಡುಬಿದಿರೆಯ ಹಾದಿ. ಈ ಸೀಮೆಯಲ್ಲಿ ಮನೆಗಳು ಬಯಲುಸೀಮೆಯ ಹಳ್ಳಿಗಳಂತೆ ಒಂದಕ್ಕೊಂದು ಒತ್ತಿಕೊಂಡು ನಿಲ್ಲುವುದಿಲ್ಲ. ಒಂದೊಂದು ಮನೆಗೆ ಒಂದೊಂದು ಕಣಿವೆ, ಒಂದೊಂದು ಅಡಿಕೆ ತೋಟ, ಒಂದೊಂದು ತೋಡು. ಡಾಮರು ರಸ್ತೆಯಿಂದ ಮನೆಯ ಅಂಗಳಕ್ಕೆ ಇಳಿಯುವ ಮಣ್ಣಿನ ಹಾದಿ ಮಳೆಗಾಲದಲ್ಲಿ ತಾನೇ ಒಂದು ತೋಡಾಗಿಬಿಡುತ್ತದೆ. ಅಂತಹ ಹಾದಿಗೆ ಹೇಳಿ ಮಾಡಿಸಿದ ವಾಹನ ಜೀಪು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಈ ಗಾಡಿಯನ್ನು ಮಹೀಂದ್ರ ಸಂಸ್ಥೆಯವರು ೧೯೪೭ರಿಂದ ಮುಂಬಯಿಯಲ್ಲಿ ಜೋಡಿಸತೊಡಗಿದರು. ಕ್ರಮೇಣ ಘಟ್ಟದ ಮೇಲೂ ಕೆಳಗೂ ತೋಟದ ಮನೆಗಳಲ್ಲಿ ಜೀಪು ಎತ್ತಿನ ಜೋಡಿಯಷ್ಟೇ ಸಹಜವಾದ ಸಂಸಾರದ ಅಂಗವಾಯಿತು.

ಈ ಮನೆಗೆ ಜೀಪು ಬಂದುದು ೧೯೬೦ರ ದಶಕದಲ್ಲಿ. ಆಗ ಇಪ್ಪತ್ತರ ಹರೆಯದಲ್ಲಿದ್ದ ಹಿರಿಯ ಯಜಮಾನರು ಈಗ ಎಂಬತ್ತು ದಾಟಿದವರು. ಆ ಜೀಪಿನಲ್ಲಿ ಅಡಿಕೆ ಮೂಟೆ ಹೋಗಿದೆ, ಮದುವೆಯ ದಿಬ್ಬಣ ಹೋಗಿದೆ, ಯಕ್ಷಗಾನ ಮೇಳದ ಪೆಟ್ಟಿಗೆ ಹೋಗಿದೆ. ಹಾವು ಕಚ್ಚಿದವರು, ಮರದಿಂದ ಬಿದ್ದವರು, ಹೆರಿಗೆಯ ನೋವು ತಿನ್ನುವವರು ಎಷ್ಟೋ ಮಂದಿ ಅದರಲ್ಲಿಯೇ ಡಾಮರು ರಸ್ತೆ ಸೇರಿದ್ದಾರೆ. ಐವತ್ತು ವರ್ಷಗಳಲ್ಲಿ ಅದು ಯಾರನ್ನೂ ನಡುದಾರಿಯಲ್ಲಿ ಇಳಿಸಿದ್ದಿಲ್ಲ ಎಂಬುದು ಯಜಮಾನರ ಹೆಮ್ಮೆ. ಇದೇ ತಾಲೂಕಿನ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವೊಂದಿದೆ, ಬಂಧುಗಳು ಅದನ್ನು ನೋಡಿ ಬಂದು, “ನಿಮ್ಮ ಜೀಪನ್ನೂ ಹಾಗೆಯೇ ಉಜ್ಜಿ ನಿಲ್ಲಿಸಬಹುದಲ್ಲ!” ಎಂದರೆ ಅವರು ನಗುತ್ತಿದ್ದರು. “ಅಲ್ಲಿ ಇರುವುದು ವಿಶ್ರಾಂತಿ ಪಡೆದ ಗಾಡಿಗಳು. ಇದಕ್ಕೆ ಇನ್ನೂ ಕೆಲಸವುಂಟು” ಎಂಬುದು ಅವರ ಉತ್ತರ.

೨೦೨೨ರ ಕೊನೆಯಲ್ಲಿ ಜೀಪಿನ ಹೊಟ್ಟೆಯಿಂದ ಒಂದು ಗುಂಯ್‌ಗುಟ್ಟುವ ಸದ್ದು ಕೇಳತೊಡಗಿತು. ಕ್ಲಚ್ಚನ್ನು ಮೆಟ್ಟಿದರೆ ಸದ್ದು ಅಡಗುತ್ತಿತ್ತು. ಬಿಟ್ಟರೆ, ಗಾಡಿ ನಿಂತಲ್ಲೇ ನಿಂತಿದ್ದರೂ, ಮತ್ತೆ ಏಳುತ್ತಿತ್ತು. ಯಜಮಾನರ ಮಗ ಅದನ್ನು ದೂರದ ಪೇಟೆಯೊಂದರ ಗ್ಯಾರೇಜಿಗೆ ಒಯ್ದರು. ಅಲ್ಲಿಯವರು ಬಹಳ ಚುರುಕು. ಎರಡೇ ದಿನಗಳಲ್ಲಿ ಗೇರುಪೆಟ್ಟಿಗೆಯನ್ನು ಬಿಚ್ಚಿ, ಹೊಸ ಬೇರಿಂಗು ಹಾಕಿ, ಮುಚ್ಚಿ ಕೊಟ್ಟರು. ಸದ್ದು ನಿಂತಿತು. ಬಿಲ್ಲೂ ಹೆಚ್ಚಾಗಿರಲಿಲ್ಲ. ಎಲ್ಲರೂ ಸಂತೋಷಪಟ್ಟರು.

ಆ ಸಂತೋಷ ನಾಲ್ಕು ತಿಂಗಳಿಗಿಂತ ಹೆಚ್ಚು ಬಾಳಲಿಲ್ಲ. ಅದೇ ಸದ್ದು ಮತ್ತೆ ಬಂತು. ಈ ಬಾರಿ ಸ್ವಲ್ಪ ಒರಟಾಗಿ, ತಾಳ ಹಾಕಿದಂತೆ. “ಮಳೆಗಾಲ ಕಳೆಯಲಿ, ನೋಡೋಣ” ಎಂದು ಮುಂದೂಡಿದರು. ೨೦೨೩ರ ಆಟಿ ತಿಂಗಳ ಒಂದು ರಾತ್ರಿ, ಜಡಿಮಳೆಯಲ್ಲಿ, ನೆರೆಮನೆಯ ತುಂಬು ಗರ್ಭಿಣಿಯೊಬ್ಬಳನ್ನು ಆಂಬುಲೆನ್ಸು ಕಾದುನಿಂತ ಡಾಮರು ರಸ್ತೆಗೆ ತಲುಪಿಸಲು ಜೀಪು ಹೊರಟಿತು. ಏರಿನ ಅರ್ಧದಲ್ಲಿ ಕಟಕಟನೆ ಸದ್ದಾಗಿ ಗೇರು ಕಚ್ಚಿಕೊಂಡಿತು. ಗಾಡಿ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕೊನೆಗೆ ನಾಲ್ವರು ಗಂಡಸರು ಅವಳನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಮೇಲೆ ಪ್ಲಾಸ್ಟಿಕ್ಕು ಹೊದಿಸಿ, ಕೆಸರಿನಲ್ಲಿ ಹೊತ್ತು ರಸ್ತೆ ಸೇರಿಸಿದರು. ಬೆಳಗಾಗುವುದರೊಳಗೆ ಹೆಣ್ಣುಮಗು ಹುಟ್ಟಿದ ಸುದ್ದಿ ಬಂತು. ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಯಾರೂ ಜೀಪನ್ನು ದೂರಲಿಲ್ಲ. ಆದರೆ ಹಿರಿಯ ಯಜಮಾನರು ಮೂರು ದಿನ ಅದರ ಕಡೆಗೆ ತಿರುಗಿ ನೋಡಲಿಲ್ಲ.

ಮಗನು, “ಗುಜರಿಗೆ ಕೊಡೋಣ ಅಪ್ಪ, ಹೊಸದೊಂದು ಗಾಡಿ ತೆಗೆದುಕೊಳ್ಳೋಣ” ಎಂದನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, “ಹಳತಾಗಿ ಸತ್ತದ್ದಾದರೆ ಕೊಡು. ಯಾರೋ ಕೊಂದದ್ದಾದರೆ ಒಮ್ಮೆ ಮೇಸ್ತ್ರಿಯನ್ನು ಕೇಳು” ಎಂದರು. ಮುಂದಿನ ಫೆಬ್ರವರಿಯಲ್ಲಿ ವೇಣೂರಿನ ಬಾಹುಬಲಿಗೆ ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ. ೨೦೧೨ರ ಅಭಿಷೇಕಕ್ಕೆ ನೆಂಟರಿಷ್ಟರನ್ನು ತುಂಬಿಕೊಂಡು ಆ ಜೀಪನ್ನು ಅವರೇ ನಡೆಸಿದ್ದರು. ಅದಾದ ಮೇಲಿನದನ್ನು ನೋಡುವ ಭಾಗ್ಯ ತಮ್ಮ ವಯಸ್ಸಿಗೆ ಉಂಟೋ ಇಲ್ಲವೋ ಎಂಬ ಯೋಚನೆಯನ್ನು ಅವರು ಬಾಯಿಬಿಟ್ಟು ಆಡಲಿಲ್ಲ. ಆಡದೆಯೇ ಮನೆಯವರಿಗೆ ತಿಳಿದಿತ್ತು.

ಮೇಸ್ತ್ರಿ ಬಂದರು. ಅವರ ಶೆಡ್ಡು ಮೂಡುಬಿದಿರೆಯ ಹಾದಿಯಲ್ಲಿ, ಹಂಚಿನ ಮಾಡಿನ ಕೆಳಗೆ. ಗೇರುಪೆಟ್ಟಿಗೆಯನ್ನು ಇಳಿಸಿ, ಎಣ್ಣೆಯನ್ನು ಬಸಿದು, ಒಂದೊಂದೇ ಭಾಗವನ್ನು ಸೀಮೆ ಎಣ್ಣೆಯಲ್ಲಿ ತೊಳೆದು ಹಳೆಯ ಬಿಳಿ ಪಂಚೆಯ ಮೇಲೆ ಜೋಡಿಸಿಟ್ಟರು. ಕೊನೆಗೆ ಆ ಹೊಸ ಬೇರಿಂಗಿನ ಅವಶೇಷವನ್ನು ಬೆಳಕಿಗೆ ಹಿಡಿದು, “ಧನಿಗಳೆ, ಇದು ಹಳತಾಗಿ ಸತ್ತದ್ದಲ್ಲ. ಹುಟ್ಟಿದ ದಿನವೇ ಪೆಟ್ಟು ತಿಂದದ್ದು” ಎಂದರು.

ಅವರು ಕಂಡದ್ದೇನು ಎಂಬುದನ್ನು ತಿಳಿಯಲು ಬೇರಿಂಗಿನ ರಚನೆಯನ್ನು ಸ್ವಲ್ಪ ಅರಿಯಬೇಕು. ಅದು ನೋಡಲು ಬಹಳ ಸರಳ. ಒಂದು ಒಳಬಳೆ, ಒಂದು ಹೊರಬಳೆ, ನಡುವೆ ಉಕ್ಕಿನ ಗುಂಡುಗಳು, ಗುಂಡುಗಳು ಒಂದನ್ನೊಂದು ಮುಟ್ಟದಂತೆ ಹಿಡಿದಿಡುವ ಒಂದು ಪಂಜರ. ಒಳಬಳೆ ಶಾಫ್ಟಿನೊಡನೆ ಸುತ್ತುತ್ತದೆ. ಹೊರಬಳೆ ಪೆಟ್ಟಿಗೆಯ ಗೋಡೆಯಲ್ಲಿ ಕದಲದೆ ಕುಳಿತಿರುತ್ತದೆ. ಉಜ್ಜುವಿಕೆಯ ಬದಲು ಉರುಳುವಿಕೆ—ಇಷ್ಟೇ ಅದರ ರಹಸ್ಯ. ೧೭೯೪ರಲ್ಲಿ ವೇಲ್ಸ್ ದೇಶದ ಫಿಲಿಪ್ ವಾಘನ್ ಎಂಬಾತನು ಸಾರೋಟಿನ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ಹಕ್ಕುಪತ್ರ ಪಡೆದನು. ಆದರೆ ಗುಂಡುಗಳೆಲ್ಲ ಒಂದೇ ಅಳತೆಯಲ್ಲಿರದಿದ್ದರೆ ದೊಡ್ಡ ಗುಂಡೊಂದೇ ಭಾರವನ್ನೆಲ್ಲ ಹೊರಬೇಕಾಗುತ್ತದೆ. ೧೮೮೩ರಲ್ಲಿ ಜರ್ಮನಿಯ ಫ್ರೀಡ್ರಿಷ್ ಫಿಷರ್ ಗುಂಡುಗಳನ್ನು ಸಮನಾಗಿ ಅರೆಯುವ ಯಂತ್ರವನ್ನು ಕಂಡುಹಿಡಿದ ಮೇಲೆ ಆ ತೊಡಕು ಬಿಡಿಸಿತು. ಸ್ವೀಡನ್ನಿನ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ಇಂಜಿನಿಯರನು ದುಡಿಯುತ್ತಿದ್ದ ಬಟ್ಟೆಯ ಗಿರಣಿ ಜೇಡಿಮಣ್ಣಿನ ನೆಲದ ಮೇಲಿತ್ತು. ನೆಲ ಕುಸಿದಂತೆ ಶಾಫ್ಟುಗಳು ಓರೆಯಾಗಿ ಬೇರಿಂಗುಗಳು ಪದೇ ಪದೇ ಕೆಡುತ್ತಿದ್ದವು. ಆ ಕಾಟದಿಂದಲೇ ೧೯೦೭ರಲ್ಲಿ ತಾನಾಗಿ ಓರೆಗೆ ಹೊಂದಿಕೊಳ್ಳುವ ಬೇರಿಂಗು ಹುಟ್ಟಿತು.

ಇಷ್ಟು ನಯವಾದ ವಸ್ತುವಿಗೆ ಒಂದು ದೌರ್ಬಲ್ಯವುಂಟು. ಗುಂಡು ಬಳೆಯನ್ನು ಮುಟ್ಟುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ. ಸುತ್ತುತ್ತಿರುವಾಗ ಅದು ಬಹಳ ಭಾರವನ್ನು ತಾಳುತ್ತದೆ. ಆದರೆ ನಿಂತಿರುವಾಗ ಸುತ್ತಿಗೆಯ ಪೆಟ್ಟು ಬಿದ್ದರೆ, ಆ ಚುಕ್ಕೆಯಲ್ಲಿಯೇ ಎಲ್ಲ ಬಲವೂ ಸೇರಿ ಬಳೆಯ ಹಾದಿಯಲ್ಲಿ ಕುಳಿ ಬೀಳುತ್ತದೆ. ಒಳಬಳೆಯನ್ನು ಶಾಫ್ಟಿನ ಮೇಲೆ ಏರಿಸಬೇಕಾದವನು ಒಳಬಳೆಯನ್ನೇ ಒತ್ತಬೇಕು. ಅವಸರದವನು ಕೈಗೆ ಸುಲಭವಾಗಿ ಸಿಕ್ಕುವ ಹೊರಬಳೆಗೆ ಬಡಿಯುತ್ತಾನೆ. ಹೊರಬಳೆಯ ಮೇಲೆ ಬಿದ್ದ ಪೆಟ್ಟು ಗುಂಡುಗಳನ್ನು ಹಾಯ್ದೇ ಒಳಬಳೆಗೆ ಹೋಗಬೇಕು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ಕನ್ನಡದಲ್ಲಿ ಉಂಟಷ್ಟೆ? ಇಲ್ಲಿ ಕೊತ್ತಿಯ ಪಾಡು ಗುಂಡುಗಳದ್ದು. ಬೇರಿಂಗು ಶಾಫ್ಟಿನ ಮೇಲೆ ಏರುತ್ತದೆ. ಕೆಲಸ ಆದಂತೆಯೇ ಕಾಣುತ್ತದೆ. ಆದರೆ ಗುಂಡುಗಳು ಎಷ್ಟಿವೆಯೋ ಅಷ್ಟು ಸಣ್ಣ ಕುಳಿಗಳು, ಸಮ ಅಂತರದಲ್ಲಿ, ಒಳಗೆ ಮೂಡಿರುತ್ತವೆ. ಲೋಹದಲ್ಲಿ ಗುಂಡನ್ನು ಒತ್ತಿ, ಬಿದ್ದ ಕುಳಿಯನ್ನು ಅಳೆದು ಲೋಹದ ಗಟ್ಟಿತನವನ್ನು ಹೇಳುವ ಕ್ರಮವನ್ನು ೧೯೦೦ರಲ್ಲಿ ಲೋಕಕ್ಕೆ ತಿಳಿಸಿದವನು ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್. ಆದುದರಿಂದ ಈ ಗಾಯಕ್ಕೆ ಇಂಜಿನಿಯರುಗಳು ಬ್ರಿನೆಲ್ ಗುರುತು ಎಂದೇ ಹೆಸರಿಟ್ಟಿದ್ದಾರೆ.

ಈ ಗಾಯದ ದೊಡ್ಡ ಕೇಡೆಂದರೆ ಅದು ಆ ದಿನ ಕಾಣುವುದಿಲ್ಲ. ಇಂಜಿನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತು ಓಡಿದರೆ, ಗೇರುಪೆಟ್ಟಿಗೆಯ ಮುಂದಿನ ಶಾಫ್ಟು ಒಂದು ಗಂಟೆಯಲ್ಲಿ ೧,೨೦,೦೦೦ ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲಿಯೂ ಗುಂಡುಗಳು ಆ ಕುಳಿಗಳಲ್ಲಿ ಬಿದ್ದು ಏಳುತ್ತವೆ. ಕುಳಿಯ ಅಂಚು ಸಿಪ್ಪೆಯಂತೆ ಏಳುತ್ತದೆ. ಎದ್ದ ಚೂರು ಎಣ್ಣೆಯಲ್ಲಿ ಸೇರಿ ಉಳಿದುದನ್ನೂ ಅರೆಯುತ್ತದೆ. ಕೊನೆಗೆ ಪಂಜರ ಮುರಿದು ಗೇರಿನ ಹಲ್ಲುಗಳ ನಡುವೆ ಸಿಕ್ಕುತ್ತದೆ. ಬಡಿದವನು ಮರೆತ ಎಷ್ಟೋ ತಿಂಗಳ ಮೇಲೆ, ಬಡಿದುದನ್ನು ನೋಡಿಯೇ ಇರದವರು ಅದರ ಫಲವನ್ನು ಕೆಸರಿನಲ್ಲಿ ಹೊತ್ತು ನಡೆಯುತ್ತಾರೆ.

ಮೇಸ್ತ್ರಿಗೆ ಇನ್ನೂ ಒಂದು ಗುರುತು ಸಿಕ್ಕಿತು. ಶಾಫ್ಟಿನ ಮೇಲೆ ಬೇರಿಂಗು ಕುಳಿತುಕೊಳ್ಳುವ ಜಾಗದಲ್ಲಿ ಸುತ್ತಲೂ ಪಂಚಿನಿಂದ ಹೊಡೆದ ಚುಕ್ಕೆಗಳಿದ್ದವು. ಒಳಬಳೆ ಸಡಿಲವಾಗಿದ್ದರೆ ಅದು ಶಾಫ್ಟಿನ ಜೊತೆಗೆ ಸುತ್ತದೆ, ಕೃಶವಾದ ಕೈಯಲ್ಲಿ ಕಡಗ ಜಾರುವಂತೆ, ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತ ಶಾಫ್ಟನ್ನು ತೇಯುತ್ತದೆ. ಹಾಗೆ ತೇದ ಜಾಗವನ್ನು ಬಿಗಿಮಾಡಲು ಅವಸರದವರು ಕಂಡುಕೊಂಡ ಉಪಾಯ ಈ ಚುಕ್ಕೆಗಳು. ಒಂದೊಂದು ಚುಕ್ಕೆಯ ಸುತ್ತಲೂ ಲೋಹ ಸ್ವಲ್ಪ ಉಬ್ಬುತ್ತದೆ. ಆ ಉಬ್ಬುಗಳ ಮೇಲೆ ಬೇರಿಂಗು ಮುಳ್ಳಿನ ಮೇಲೆ ಕುಳಿತಂತೆ ಕುಳಿತಿರುತ್ತದೆ. ಕೆಲವು ದಿನಗಳಲ್ಲಿ ಉಬ್ಬು ಸವೆದು ಹಳೆಯ ಸಡಿಲವೇ ಮರಳುತ್ತದೆ. “ಇದು ದುರಸ್ತಿಯಲ್ಲ, ಸಮಾಧಾನ” ಎಂದರು ಮೇಸ್ತ್ರಿ.

ನಿಜವಾದ ದುರಸ್ತಿ ನಿಧಾನವಾಗಿ ನಡೆಯಿತು. ಮೊದಲು ಶಾಫ್ಟು ಮಂಗಳೂರಿನ ಆಚೆ ಬೈಕಂಪಾಡಿಯ ಕೈಗಾರಿಕಾ ಪ್ರದೇಶಕ್ಕೆ ಹೋಗಿ, ತೇದ ಜಾಗಕ್ಕೆ ಲೋಹ ತುಂಬಿಸಿಕೊಂಡು, ಸರಿಯಾದ ಅಳತೆಗೆ ಅರೆಯಿಸಿಕೊಂಡು ಬಂತು. ಅನಂತರ ಬೇರಿಂಗು. ಬೇರಿಂಗಿನ ಅಂಚಿನಲ್ಲಿ ಕೊರೆದ ಸಂಖ್ಯೆಯೇ ಅದರ ಜಾತಕ. ೬೨೦೭ ಎಂದಿದ್ದರೆ ಕೊನೆಯ ಎರಡು ಅಂಕಿಗಳಾದ ೦೭ನ್ನು ಐದರಿಂದ ಗುಣಿಸಬೇಕು. ಅದರ ಕಣ್ಣು ೩೫ ಮಿಲಿಮೀಟರು. ಹೊರಗಿನ ಅಳತೆ ೭೨, ಅಗಲ ೧೭. ಲೋಕದ ಯಾವ ಮೂಲೆಯಲ್ಲಿ ಕೊಂಡರೂ ಈ ಅಳತೆ ಬದಲಾಗದು. ಮನುಷ್ಯರು ಒಪ್ಪಂದಕ್ಕೆ ಬಂದ ಕೆಲವೇ ವಿಷಯಗಳಲ್ಲಿ ಇದೂ ಒಂದು.

ಅಂತಹ ಬೇರಿಂಗು ಏರಬೇಕಾದ ಶಾಫ್ಟು ಅದರ ಕಣ್ಣಿಗಿಂತ ಹೆಚ್ಚೆಂದರೆ ೨೫ ಮೈಕ್ರಾನಿನಷ್ಟು ದಪ್ಪವಿರುತ್ತದೆ. ಮೈಕ್ರಾನೆಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನು. ಕೂದಲಿನ ಮೂರನೆಯ ಒಂದು ಪಾಲಿನ ಈ ವ್ಯತ್ಯಾಸಕ್ಕಾಗಿ ಸುತ್ತಿಗೆ ಎತ್ತುವವನು ಉಕ್ಕಿನ ಸ್ವಭಾವವನ್ನು ಅರಿಯನು. ಉಕ್ಕು ಬಿಸಿಯಾದರೆ ಹಿಗ್ಗುತ್ತದೆ. ೩೫ ಮಿಲಿಮೀಟರಿನ ಕಣ್ಣು ಎಂಬತ್ತು ಡಿಗ್ರಿ ಬಿಸಿ ಏರಿದರೆ ಸುಮಾರು ೩೪ ಮೈಕ್ರಾನು ಅಗಲವಾಗುತ್ತದೆ. ಬಡಿಯದೆಯೇ ಬಾಗಿಲು ತೆರೆಯಿತು!

ಇದು ಪರದೇಶದಿಂದ ಬಂದ ವಿದ್ಯೆಯೇನೂ ಅಲ್ಲ. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವ ಕಮ್ಮಾರನು ತಲೆತಲಾಂತರದಿಂದ ಮಾಡುತ್ತ ಬಂದುದೂ ಇದನ್ನೇ. ಚಕ್ರಕ್ಕಿಂತ ಸ್ವಲ್ಪ ಕಿರಿದಾದ ಪಟ್ಟಿಯನ್ನು ಬೆಂಕಿಯ ನಡುವೆ ಕೆಂಪಗೆ ಕಾಯಿಸಿ, ಇಕ್ಕಳಗಳಿಂದ ಎತ್ತಿ ಚಕ್ರದ ಮೇಲಿಟ್ಟು, ನೀರು ಸುರಿದರೆ ಅದು ಬಿಗಿದುಕೊಂಡು ಅರೆಕಾಲುಗಳನ್ನೆಲ್ಲ ಒಂದಾಗಿ ಹಿಡಿಯುತ್ತದೆ. ವ್ಯತ್ಯಾಸವೆಂದರೆ ಕಮ್ಮಾರನಿಗೆ ಕೆಂಪು ಕೆಂಡದ ಬಿಸಿ ಬೇಕು. ಬೇರಿಂಗಿಗೆ ಅದು ವಿಷ. ೧೨೦ ಡಿಗ್ರಿ ದಾಟಿದರೆ ಹದಮಾಡಿದ ಉಕ್ಕಿನ ಗುಣ ಕೆಡುವ ಭಯವುಂಟು. ಆದುದರಿಂದ ನೇರವಾಗಿ ಬೆಂಕಿ ತೋರಿಸಕೂಡದು. ಪಾತ್ರೆಯಲ್ಲಿ ಶುದ್ಧವಾದ ಎಣ್ಣೆ ಹೊಯ್ದು, ಬೇರಿಂಗನ್ನು ತಂತಿಯಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಮುಳುಗಿಸಿ, ಉಷ್ಣಮಾಪಕ ಇಟ್ಟು ಕಾಯಿಸಬೇಕು. ಬೀಗಮುದ್ರೆ ಹಾಕಿ ಗ್ರೀಸು ತುಂಬಿಸಿ ಬರುವ ಬೇರಿಂಗುಗಳಿಗೆ ಈ ಎಣ್ಣೆಸ್ನಾನ ಸಲ್ಲದು. ಬಾಯಿ ತೆರೆದಿರುವವಕ್ಕೆ ಮಾತ್ರ.

ಮೇಸ್ತ್ರಿ ಇದಕ್ಕೆ ಇನ್ನೊಂದು ಉಪಾಯವನ್ನೂ ಸೇರಿಸಿದರು. ಬೇರಿಂಗು ಬಿಸಿಯಾಗಿ ಹಿಗ್ಗುವುದಾದರೆ ಶಾಫ್ಟು ತಣ್ಣಗಾಗಿ ಕುಗ್ಗಬೇಡವೆ? “ಅಮ್ಮಾ, ನಿಮ್ಮ ಫ್ರಿಜ್ಜಿನ ಮೇಲಿನ ಅಂಕಣ ಒಂದು ರಾತ್ರಿಗೆ ಬೇಕಿತ್ತು” ಎಂದು ಅವರು ಕೇಳಿದಾಗ ಮನೆಯೊಡತಿ ಬೆರಗಾದರು. ಆ ಅಂಕಣದಲ್ಲಿ ಮೊಮ್ಮಕ್ಕಳ ಐಸ್‌ಕ್ರೀಮು, ತುರಿದಿಟ್ಟ ತೆಂಗಿನಕಾಯಿ, ಹಲಸಿನ ಸೊಳೆ ಇದ್ದವು. “ಗ್ರೀಸಿನ ವಾಸನೆ ಬಂದರೆ ನಾಳೆಯ ಪದಾರ್ಥಕ್ಕೆ ನೀವೇ ಜವಾಬ್ದಾರರು ಮೇಸ್ತ್ರಿಗಳೆ” ಎಂದು ಎಚ್ಚರಿಸಿ, ತೊಳೆದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಶಾಫ್ಟಿಗೆ ಜಾಗ ಮಾಡಿಕೊಟ್ಟರು. ಶೂನ್ಯಕ್ಕಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಅಂತಹ ಶಾಫ್ಟು ಸುಮಾರು ೨೦ ಮೈಕ್ರಾನು ಕುಗ್ಗುತ್ತದೆ. ಹೀಗಾದರೆ ಎಣ್ಣೆಯನ್ನು ಹೆಚ್ಚು ಕಾಯಿಸಬೇಕಾಗಿಲ್ಲ. ತೊಂಬತ್ತು ಡಿಗ್ರಿ ಸಾಕು.

ಮರುದಿನ ಬೆಳಿಗ್ಗೆ ಕೆಲಸ. ಅಂಗಳದಲ್ಲಿ ಧೂಳಿರಬಾರದು, ಗಾಳಿ ಬೀಸಬಾರದು ಎಂದು ಜಗಲಿಯನ್ನು ಒರೆಸಿ ಬಾಗಿಲುಗಳನ್ನು ಮುಚ್ಚಲಾಯಿತು. ತಣ್ಣನೆಯ ಶಾಫ್ಟನ್ನು ಹೊರತೆಗೆದೊಡನೆ ಕರಾವಳಿಯ ತೇವದ ಗಾಳಿ ಅದರ ಮೇಲೆ ಬೆವರಿನಂತೆ ಹನಿಗಟ್ಟಿತು. ಮೇಸ್ತ್ರಿ ಅದನ್ನು ಮೊದಲು ಒರೆಸಿ, ಎಣ್ಣೆಯ ತೆಳು ಪೊರೆ ಸವರಿದರು. ಇಲ್ಲದಿದ್ದರೆ ತುಕ್ಕಿಗೆ ದಾರಿ. ಬಿಸಿ ಬೇರಿಂಗನ್ನು ಕೈಗವಸಿನಿಂದ ಎತ್ತಿ, ನೆಟ್ಟಗೆ ಹಿಡಿದು, ಒಂದೇ ಗುಕ್ಕಿಗೆ ಇಳಿಸಿದರು. ಅದು ‘ಟಕ್’ ಎಂದು ಶಾಫ್ಟಿನ ಭುಜಕ್ಕೆ ತಾಗಿ ನಿಂತಿತು. ಸುತ್ತಿಗೆ ಪೆಟ್ಟಿಗೆಯಲ್ಲೇ ಮಲಗಿತ್ತು. ಒಂದು ವೇಳೆ ನಡುವೆ ಸಿಕ್ಕಿಕೊಂಡರೆ ಇರಲೆಂದು, ಒಳಬಳೆಯನ್ನು ಮಾತ್ರ ಮುಟ್ಟುವ ಅಳತೆಯ ಕೊಳವೆಯ ತುಂಡೊಂದನ್ನು ಪಕ್ಕದಲ್ಲಿಟ್ಟಿದ್ದರು. ಅದರ ಅಗತ್ಯವೂ ಬೀಳಲಿಲ್ಲ.

ನೋಡುತ್ತಿದ್ದವರು ಕೆಲಸ ಮುಗಿಯಿತೆಂದುಕೊಂಡರು. ಮೇಸ್ತ್ರಿಯ ಜೊತೆಗಿದ್ದ ಹುಡುಗ ಕೈ ತೆಗೆಯಲು ಹೋದನು. “ಬಿಡಬೇಡ ಮಾರಾಯ, ಹಿಡಿದುಕೋ” ಎಂದು ಅವರು ಗದರಿದರು. ಬಿಸಿಯಾದ ಬಳೆ ತಣಿಯುವಾಗ ಅಗಲದಲ್ಲಿಯೂ ಕುಗ್ಗುತ್ತದೆ. ಹಾಗೆ ಕುಗ್ಗುತ್ತ ಭುಜದಿಂದ ತುಸು ಹಿಂದೆ ಸರಿದರೆ ನಡುವೆ ಸಂದು ಉಳಿಯುತ್ತದೆ. ಆ ಸಂದು ಮುಂದೆ ಗೇರಿನ ಹಲ್ಲುಗಳ ಹೊಂದಾಣಿಕೆಯನ್ನೇ ಕೆಡಿಸಬಹುದು. ಅದು ಪೂರ್ತಿ ತಣ್ಣಗಾಗಿ ತಾನೇ ಬಿಗಿಯುವವರೆಗೆ ಒತ್ತಿ ಹಿಡಿದಿರಬೇಕು. ಹುಡುಗ ಕೆಲವು ನಿಮಿಷ ಅಲುಗದೆ ಹಿಡಿದು ನಿಂತನು. ಆಮೇಲೆ ಅತಿ ತೆಳುವಾದ ಅಳತೆಪಟ್ಟಿಯನ್ನು ಸುತ್ತಲೂ ತೂರಿಸಿ ನೋಡಿದರು. ಎಲ್ಲಿಯೂ ಅದು ಒಳಗೆ ಹೋಗಲಿಲ್ಲ.

ಎಲ್ಲ ಬೇರಿಂಗುಗಳಿಗೂ ಒಂದೇ ನ್ಯಾಯವಲ್ಲ ಎಂಬುದನ್ನು ಜೀಪಿನ ಹೊಟ್ಟೆಯೇ ಕಲಿಸುತ್ತದೆ. ಶಾಫ್ಟಿನೊಡನೆ ಸುತ್ತುವ ಒಳಬಳೆ ಬಿಗಿಯಾಗಿರಬೇಕು. ಪೆಟ್ಟಿಗೆಯಲ್ಲಿ ಕದಲದೆ ಕೂರುವ ಹೊರಬಳೆ ಕೈಯಿಂದ ಒತ್ತಿದರೆ ಜಾರಿ ಕೂರುವಷ್ಟು ಸಲೀಸಾಗಿರಬೇಕು. ಎರಡನ್ನೂ ಬಿಗಿದರೆ ನಡುವೆ ಸಿಕ್ಕ ಗುಂಡುಗಳಿಗೆ ಉಸಿರಾಡಲು ಜಾಗವಿಲ್ಲ. ಗೇರುಪೆಟ್ಟಿಗೆಯ ಹಿಂದೆ, ನಾಲ್ಕು ಚಕ್ರಗಳಿಗೂ ಬಲ ಹಂಚುವ ಇನ್ನೊಂದು ಪೆಟ್ಟಿಗೆಯುಂಟು. ಅಲ್ಲಿರುವುದು ಗುಂಡುಗಳಲ್ಲ, ಒಂದು ತುದಿ ಸಣ್ಣದಾದ ಉರುಳೆಗಳು. ೧೮೯೮ರಲ್ಲಿ ಹೆನ್ರಿ ಟಿಮ್ಕೆನ್ ಎಂಬ ಸಾರೋಟು ತಯಾರಕನು ಹಕ್ಕುಪತ್ರ ಪಡೆದ ಬಗೆಯವು. ಅವುಗಳಿಗೆ ಬೇಕಾದುದು ಬಿಗಿಯಲ್ಲ, ಲೆಕ್ಕದ ಸಡಿಲ. ಕಾಗದದಂತಹ ಲೋಹದ ಹಾಳೆಗಳನ್ನು ಒಂದೊಂದಾಗಿ ತೆಗೆದೂ ಇಟ್ಟೂ, ಶಾಫ್ಟು ಹಿಂದೆಮುಂದೆ ಅಂಗುಲದ ಸಾವಿರದಲ್ಲಿ ನಾಲ್ಕರಿಂದ ಎಂಟು ಪಾಲಿನಷ್ಟು ಮಾತ್ರ ಆಡುವಂತೆ ಹೊಂದಿಸಬೇಕು. ಅದಕ್ಕಿಂತ ಬಿಗಿಯಾದರೆ ಬಿಸಿಯೇರಿ ಸುಡುತ್ತದೆ. ಸಡಿಲವಾದರೆ ಅಲುಗಾಡಿ ಸವೆಯುತ್ತದೆ. ಈ ಕೆಲಸಕ್ಕೆ ಅವರು ಒಂದು ಇಡೀ ದಿನ ಕೊಟ್ಟರು. ಸಂಸಾರ ನಡೆಸಿದ ಮನೆಯೊಡತಿಗೆ ಈ ಮಾತನ್ನು ಯಾರೂ ವಿವರಿಸಬೇಕಾಗಲಿಲ್ಲ. “ಯಾರನ್ನು ಬಿಗಿ ಹಿಡಿಯಬೇಕು, ಯಾರನ್ನು ಸ್ವಲ್ಪ ಬಿಡಬೇಕು ಎಂದು ತಿಳಿಯದೆ ಮನೆಗಳೂ ಹೀಗೆಯೇ ಗುಂಯ್‌ಗುಟ್ಟುವುದು” ಎಂದು ಅವರು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಮಗನು ತಂದೆಯ ಮುಖವನ್ನು ನೋಡಿದನು. ಇಬ್ಬರೂ ಏನೂ ಹೇಳಲಿಲ್ಲ.

ಖರ್ಚಿನ ಲೆಕ್ಕ ನೋಡಿದರೆ ಮೊದಲಿನ ದುರಸ್ತಿಗಿಂತ ಇದು ಎಷ್ಟೋ ಪಾಲು ಹೆಚ್ಚು. ಮಗನಿಗೆ ಅದು ಸಹಜವಾಗಿಯೇ ಭಾರವೆನಿಸಿತು. ಐವತ್ತು ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರಕಾರ ೨೦೨೧ರಲ್ಲಿ ತಂದಿದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ ಮೊದಲಾದವಕ್ಕಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹಿರಿಯರು ಅದಕ್ಕೆ ಒಪ್ಪಲಿಲ್ಲ. ಹಳೆಯ ನೋಂದಣಿಯನ್ನೇ ನವೀಕರಿಸುತ್ತ ಬಂದಿದ್ದರು. ಹೀಗಾಗಿ ಅದರ ಬೆಲೆಯನ್ನು ಪೇಟೆಯ ದರದಿಂದ ಅಳೆಯುವಂತಿರಲಿಲ್ಲ. ಏರಿನ ಅರ್ಧದಲ್ಲಿ ನಿಲ್ಲದಿರುವುದಕ್ಕೆ ಎಷ್ಟು ಬೆಲೆ ಎಂಬುದನ್ನು ಆ ರಾತ್ರಿ ಕುರ್ಚಿಗೆ ಹೆಗಲು ಕೊಟ್ಟ ನಾಲ್ವರಲ್ಲಿ ಒಬ್ಬನಾಗಿದ್ದ ಮಗನೇ ಬಲ್ಲನು.

ಈಗ ದೊಡ್ಡ ಕಾರ್ಖಾನೆಗಳಲ್ಲಿ ವಿದ್ಯುತ್ತಿನ ಪ್ರೇರಣೆಯಿಂದ ಬೇರಿಂಗನ್ನು ಬೇಕಾದಷ್ಟೇ ಬಿಸಿಮಾಡುವ ಯಂತ್ರಗಳಿವೆ. ಗೇರುಪೆಟ್ಟಿ ಕೆಟ್ಟರೆ ಬಿಚ್ಚದೆ ಇಡಿಯಾಗಿ ಬದಲಿಸುವ ಕ್ರಮವೂ ಬಂದಿದೆ. ಅದು ತಪ್ಪೆಂದು ಯಾರೂ ಹೇಳಲಾರರು. ಆದರೆ ಯಂತ್ರವಿದ್ದರೂ ಇಲ್ಲದಿದ್ದರೂ, ಬಲವನ್ನು ಯಾರ ಮೇಲೆ ಹಾಕಬೇಕೋ ಅವರ ಮೇಲೆಯೇ ಹಾಕಬೇಕು, ಸಾಧ್ಯವಿದ್ದಲ್ಲಿ ಬಲಕ್ಕಿಂತ ಮೊದಲು ಬಿಸಿಯನ್ನು ನಂಬಬೇಕು, ತಣಿಯುವವರೆಗೆ ಕೈ ಬಿಡಬಾರದು ಎಂಬ ವಿವೇಕವನ್ನು ಯಾರಾದರೂ ಯಾರಿಗಾದರೂ ಕಲಿಸಲೇಬೇಕು. ಮೇಸ್ತ್ರಿ ಅದನ್ನು ಬಾಯಿಯಿಂದ ಕಲಿಸಿದವರಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೆಟ್ಟಿಗೆಗೆ ತಾಗಿಸಿ, ಹಿಡಿಯನ್ನು ಹುಡುಗನ ಕಿವಿಗೆ ಒತ್ತಿ, “ಏನು ಕೇಳುತ್ತದೆ?” ಎನ್ನುತ್ತಿದ್ದರು. “ಏನೂ ಇಲ್ಲ ಉಸ್ತಾದ್” ಎಂದರೆ, “ಹಾಗಾದರೆ ಅದನ್ನೇ ನೆನಪಿಟ್ಟುಕೋ. ಸರಿಯಾದದ್ದರ ಸದ್ದು ಅದು” ಎನ್ನುತ್ತಿದ್ದರು.

೨೦೨೪ರ ಫೆಬ್ರವರಿಯ ಕೊನೆಯ ವಾರ ಮಹಾಮಸ್ತಕಾಭಿಷೇಕ ನಡೆಯಿತು. ಜೀಪನ್ನು ಮಗನು ನಡೆಸಿದನು. ಹಿರಿಯ ಯಜಮಾನರು ಪಕ್ಕದಲ್ಲಿ ಕುಳಿತರು. ಹಿಂದಿನ ಸೀಟಿನಲ್ಲಿ ಮನೆಯವರೊಡನೆ ನೆರೆಮನೆಯ ತಾಯಿ, ಅವಳ ಮಡಿಲಲ್ಲಿ ಏಳು ತಿಂಗಳ ಹೆಣ್ಣುಮಗು. ಏರಿನ ನಡುವೆ ಆ ಜಾಗ ಬಂದಾಗ ಎಲ್ಲರ ಮಾತೂ ತಾನಾಗಿ ನಿಂತಿತು. ಗಾಡಿ ಗೇರು ಬದಲಿಸಿ ಮೇಲೇರಿತು. ಮಾತು ಮತ್ತೆ ಮುಂದುವರಿಯಿತು.

ಐನೂರು ಕಿಲೋಮೀಟರು ಓಡಿದ ಮೇಲೆ ಎಣ್ಣೆ ಬದಲಿಸಬೇಕೆಂದು ಮೇಸ್ತ್ರಿ ಹೇಳಿದ್ದರು. ಹೊಸದಾಗಿ ಜೋಡಿಸಿದ ಪೆಟ್ಟಿಗೆಯಲ್ಲಿ ಏನಾದರೂ ಕೆಟ್ಟಿದ್ದರೆ ಎಣ್ಣೆಯಲ್ಲಿ ಉಕ್ಕಿನ ಪುಡಿ ಬೆಳ್ಳಿಯಂತೆ ಮಿನುಗುತ್ತದೆ. ಆ ದಿನ ಅವರು ತಮ್ಮ ಹುಡುಗನನ್ನೇ ಕಳುಹಿಸಿದರು. ಅವನು ತಗಡಿನ ತಟ್ಟೆಯಲ್ಲಿ ಎಣ್ಣೆಯನ್ನು ಬಸಿದು, ಬಿಸಿಲಿಗೆ ಓರೆ ಹಿಡಿದು, ಎರಡು ಬೆರಳುಗಳ ನಡುವೆ ಉಜ್ಜಿ ಬಹಳ ಹೊತ್ತು ನೋಡಿದನು. ಯಜಮಾನರು ಊರುಗೋಲು ಹಿಡಿದು ಪಕ್ಕದಲ್ಲಿ ನಿಂತು, “ಏನುಂಟು ಮಗಾ?” ಎಂದು ಕೇಳಿದರು.

“ಏನೂ ಇಲ್ಲ ಧನಿಗಳೆ” ಎಂದನು ಹುಡುಗ. ಹೊಸ ಎಣ್ಣೆಯ ಡಬ್ಬವನ್ನು ತೆರೆದನು.